ಮಂಗಳವಾರ ಹಸಿರಿನ ಸರದಿ

ವರ್ನನ್‌ಗೆ ಬೇಕಾಗಿದ್ದುದು ಒಂದೇ. ತನ್ನ ಇಬ್ಬರು ಹೆಣ್ಣುಮಕ್ಕಳು ಒಂದು ಸಲವಾದರೂ ಒಂದೇ ಮೇಜಿಗೆ ಕುಳಿತು ಊಟ ಮಾಡಬೇಕು. ಅಷ್ಟಕ್ಕಾಗಿ ಮುದುಕ ಅವರಿಬ್ಬರನ್ನೂ ಗಂಡ ಮಕ್ಕಳ ಸಮೇತ ಓಹಾಯೋದಿಂದ ಒರ್ಲ್ಯಾಂಡೊವರೆಗೆ ಪ್ರವಾಸಕ್ಕೆಂದು ಎಳೆದುಕೊಂಡು ಬಂದಿದ್ದ. ಎಲ್ಲರಿಗೂ ಒಂದೇ ತರಹದ ಹಳದಿ ಟೀ ಶರ್ಟ್ ಮಾಡಿಸಿದ್ದ. ಎದೆಯ ಮೇಲೆ ದಪ್ಪಕ್ಷರದಲ್ಲಿ, ‘ನಾವೆಲ್ಲ ಒಂದೇ’. ದೊಡ್ಡವಳು ರೋಂಡಾ ಆ ಸುಡುಬಿಸಿಲಿನಲ್ಲೂ ಅದರ ಮೇಲೊಂದು ಸ್ವೆಟರ್ ಏರಿಸಿಕೊಂಡು, ಕತ್ತಿನವರೆಗೆ ಗುಂಡಿ ಹಾಕಿಕೊಂಡಿದ್ದಳು.

ಜಗಳ ಆಸ್ತಿಯದಲ್ಲ, ಆಲೂಗಡ್ಡೆ ಸಲಾಡಿನದು. ಎರಡು ವರ್ಷದ ಹಿಂದೆ ವರ್ನನ್‌ನ ಹೆಂಡತಿ ಮಾರ್ಲೀನ್ ತೀರಿಕೊಂಡಾಗ, ಮಣ್ಣು ಮಾಡಿ ಬಂದವರಿಗೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಊಟವಿತ್ತು. ಮನೆಗೊಂದು ಪಾತ್ರೆಯಂತೆ ಎಲ್ಲರೂ ಏನಾದರೂ ಮಾಡಿಕೊಂಡು ತಂದಿದ್ದರು. ಚಿಕ್ಕವಳು ಡೆನೀಸ್ ಅಂಗಡಿಯ ಡಬ್ಬಿ ಸಲಾಡನ್ನು ಅಮ್ಮನ ಗಾಜಿನ ಬೋಗುಣಿಗೆ ಸುರಿದು, ಮೇಲೆ ಒಂದು ಚಿಟಿಕೆ ಮೆಣಸಿನಪುಡಿ ಉದುರಿಸಿ, ಅಮ್ಮ ಹೇಳಿಕೊಟ್ಟ ಹಾಗೇ ಮಾಡಿದ್ದು ಎಂದು ಬಡಿಸಿದಳು. ರೋಂಡಾ ಒಂದು ಚಮಚ ಬಾಯಿಗಿಟ್ಟು, ಪಾದ್ರಿಯ ಎದುರಿಗೇ, “ಇದು ಅಂಗಡೀದು” ಎಂದಳು. ಅಲ್ಲಿಂದಾಚೆಗೆ ಅಕ್ಕತಂಗಿಯರ ನಡುವೆ ಮಾತಿಲ್ಲ, ಕತೆಯಿಲ್ಲ.

ಮಾತಿಲ್ಲದ ಮೇಲೆ ಒಂದೇ ಕಾರಿನಲ್ಲಿ ಕೂರುವುದುಂಟೇ? ಎರಡು ಬಾಡಿಗೆ ಕಾರು. ವರ್ನನ್ ಬೆಳಿಗ್ಗೆ ಒಬ್ಬಳ ಕಾರಿನಲ್ಲಿ, ಸಂಜೆ ಇನ್ನೊಬ್ಬಳ ಕಾರಿನಲ್ಲಿ. ಇಬ್ಬರಿಗೂ ಒಂದೇ ಸಮ ಇರಲಿ ಅಂತ ಪಾಪ, ಅವನೇ ಮಾಡಿಕೊಂಡ ಏರ್ಪಾಡು. ಮಂಗಳವಾರ ಸಂಜೆ ಡೆನೀಸಳ ಸರದಿ.

ಅವತ್ತು ‘ಸಾಮ್ರಾಟನ ಔತಣ’ ಎಂಬ, ಆಟ ನೋಡುತ್ತ ಉಣ್ಣುವ ಜಾಗಕ್ಕೆ ಹೋದರು. ನಡುವೆ ಮರಳು ಹಾಸಿದ ಕಣ, ಸುತ್ತಲೂ ಊಟದ ಮೇಜು. ತವರದ ಕವಚ ತೊಟ್ಟ ವೀರರು ಕುದುರೆ ಏರಿ ಕಾದಾಡುತ್ತಿದ್ದರೆ, ನಾವು ಕೋಳಿ ಕಾಲು ಕಚ್ಚುತ್ತ ನಮ್ಮ ಬಣ್ಣದವನ ಪರವಾಗಿ ಕೂಗಬೇಕು. ಹಿಂದಿನ ಕಾಲದವರಿಗೆ ಮುಳ್ಳುಚಮಚ ಇರಲಿಲ್ಲವಂತೆ, ಅದಕ್ಕೆ ಇಲ್ಲಿಯೂ ಕೊಡುವುದಿಲ್ಲ. ಪೆಪ್ಸಿ ಮಾತ್ರ ಆ ಕಾಲದಲ್ಲೂ ಧಾರಾಳವಾಗಿ ಸಿಗುತ್ತಿತ್ತೆಂದು ಕಾಣುತ್ತದೆ.

ಬಾಗಿಲಲ್ಲಿ ನಿಂತ ಹುಡುಗಿ ಒಂದೊಂದು ಕಾರಿನವರಿಗೆ ಒಂದೊಂದು ಬಣ್ಣದ ಕಾಗದದ ಕಿರೀಟ ತೊಡಿಸಿದಳು. ರೋಂಡಾಳ ಕಾರಿಗೆ ಕೆಂಪು, ಡೆನೀಸಳ ಕಾರಿಗೆ ಹಸಿರು. “ನಾವೆಲ್ಲ ಒಂದೇ ಮನೆಯವರಮ್ಮ, ಒಟ್ಟಿಗೇ ಕೂರಿಸು” ಎಂದು ವರ್ನನ್ ಬೇಡಿಕೊಂಡ. ಹುಡುಗಿ ಎರಡೂ ಬಣ್ಣದ ಹಿಂಡುಗಳನ್ನೊಮ್ಮೆ ನೋಡಿ, “ಕೆಂಪು ನಾಡಿಗೂ ಹಸಿರು ನಾಡಿಗೂ ಯುದ್ಧ ನಡೀತಿದೆ, ಪ್ರಭು” ಎಂದಳು. ಅಲ್ಲಿಗೆ ಒಂದೇ ಮೇಜಿನ ಮಾತು ಮಣ್ಣುಪಾಲಾಯಿತು. ಕಣದ ಆ ದಂಡೆಯಲ್ಲಿ ರೋಂಡಾ, ಈ ದಂಡೆಯಲ್ಲಿ ಡೆನೀಸ್.

ಡೆನೀಸ್ ಇನ್ನೊಂದು ಕಿತಾಪತಿ ಮಾಡಿದಳು. ಬಡಿಸಲು ಬಂದವಳಿಗೆ, “ಇವತ್ತು ನಮ್ಮಪ್ಪನ ಹುಟ್ಟುಹಬ್ಬ” ಎಂದುಬಿಟ್ಟಳು. ಅವನು ಹುಟ್ಟಿದ್ದು ನವೆಂಬರ್‌ನಲ್ಲಿ, ಇದು ಜೂನ್. ಆದರೆ ಬಿಟ್ಟಿ ಕೇಕು ಸಿಗುತ್ತದೆಂದರೆ ಆ ದೇಶದಲ್ಲಿ ಎಲ್ಲರೂ ವರ್ಷಕ್ಕೆ ನಾಲ್ಕಾರು ಸಲ ಹುಟ್ಟುತ್ತಾರೆ, ಅದನ್ನು ಯಾರೂ ಸುಳ್ಳೆಂದು ಎಣಿಸುವುದಿಲ್ಲ. ಕೇಕಿನ ಬದಲು, ಬಿಗಿ ಚಡ್ಡಿ ತೊಟ್ಟು ಆಟ ನಡೆಸಿಕೊಡುವ ಡಂಗುರದವನು ಬಂದ. ವರ್ನನ್‌ನನ್ನು ಮೇಲೆಬ್ಬಿಸಿ, ನೆರಿಗೆ ನಿಲುವಂಗಿ ಹೊದಿಸಿ, ಕಣದ ತುದಿಯ ಸಿಂಹಾಸನದ ಮೇಲೆ ಕೂರಿಸಿಬಿಟ್ಟ.

“ಎಲೈ ಪ್ರಜೆಗಳಿರಾ! ನಿಮ್ಮ ವೈರಿಗಳನ್ನು ಬಾಯಿಗೆ ಬಂದಂತೆ ಹಳಿಯಿರಿ!” ಎಂದು ಡಂಗುರದವನು ಅಪ್ಪಣೆ ಕೊಟ್ಟ.

ಜನ ಊಳಿಟ್ಟರು. ರೋಂಡಾ ಎದ್ದು ನಿಂತಳು. ಎರಡು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನು ಹೊರಗೆ ಹಾಕಲು ಅಪ್ಪಣೆಯೇ ಸಿಕ್ಕ ಮೇಲೆ ಬಿಡುತ್ತಾಳೆಯೇ? ಎರಡೂ ಕೈ ಬಾಯಿಗೆ ಹಿಡಿದು, “ಅಂಗಡಿ ಸಲಾಡ್!” ಎಂದು ಕಣದಾಚೆಗೆ ಕೂಗಿದಳು. ಇದೂ ಆಟದ ಭಾಗವೇ ಅಂದುಕೊಂಡ ಕೆಂಪು ನಾಡೆಲ್ಲ ಮೇಜು ಗುದ್ದುತ್ತ, “ಅಂಗಡಿ ಸಲಾಡ್! ಅಂಗಡಿ ಸಲಾಡ್!” ಎಂದು ಶುರುವಿಟ್ಟುಕೊಂಡಿತು. ಯಾವುದೋ ಊರಿನ ಹಲ್ಲಿನ ವೈದ್ಯನೊಬ್ಬ ಕುರ್ಚಿ ಹತ್ತಿ ಕೂಗುತ್ತಿದ್ದ.

ಡೆನೀಸಳ ಮುಖ ಕೆಂಡವಾಯಿತು. “ಅಮ್ಮ ಹಾಸಿಗೆ ಹಿಡಿದಿದ್ದಾಗ ನೋಡೋಕೆ ನೀನೆಷ್ಟು ಸಲ ಬಂದಿದ್ದೆ?” ಎಂದು ಅವಳೂ ಕೂಗಿದಳು. ಹಸಿರು ನಾಡಿನವರು ಅದನ್ನೂ ಹಿಡಿದುಕೊಳ್ಳಲು ನೋಡಿದರು. ಉದ್ದವಾಯಿತು, ತಾಳಕ್ಕೆ ಕೂರಲಿಲ್ಲ, ಬಿಟ್ಟರು. ಆದರೆ ಕೇಳಬೇಕಾದವಳಿಗೆ ಅದು ಕೇಳಿಸಿತ್ತು. ರೋಂಡಾ ಕುಳಿತುಬಿಟ್ಟಳು. ಸಿಂಹಾಸನದ ಮೇಲಿದ್ದ ವರ್ನನ್‌ಗೆ ಎಲ್ಲಾದರೂ ಅಡಗಿಕೊಳ್ಳೋಣ ಎನ್ನಿಸಿತು.

ಕೊನೆಗೆ ಕೆಂಪು ವೀರನೂ ಹಸಿರು ವೀರನೂ ಸಮಸಮ ಕಾದಾಡಿ, ವರ್ನನ್‌ನ ಎದುರು ಮಂಡಿಯೂರಿದರು. “ಮಹಾಪ್ರಭು, ವಿಜಯಮಾಲೆ ಯಾರಿಗೆ?” ಡಂಗುರದವನು ಮೈಕು ಚಾಚಿದ.

ವರ್ನನ್‌ಗೆ ಉಸಿರು ಬಂದ ಹಾಗಾಯಿತು. ಇಬ್ಬರಿಗೂ ಅಂದರಾಯಿತು. ಇಬ್ಬರಿಗೂ, ಒಂದೇ ಸಮ. ಬಾಯಿ ತೆರೆಯುವಷ್ಟರಲ್ಲಿ ಡಂಗುರದವನು ಮೈಕಿಗೆ ಅಂಗೈ ಮುಚ್ಚಿ ಪಿಸುಗುಟ್ಟಿದ.

“ಸಾರ್, ಹಸಿರು ಅಂದ್ಬಿಡಿ.”

“ಇಬ್ರಿಗೂ ಅಂದ್ರೆ ಆಗಲ್ವಾ?”

“ಆಗಲ್ಲ ಸಾರ್. ಮಂಗಳವಾರ ಹಸಿರಿಂದೇ ಸರದಿ. ಹಸಿರು ಪಟಾಕಿ ಆಗಲೇ ಕಟ್ಟಿಟ್ಟಿದ್ದಾರೆ.”

ಸಮವಸ್ತ್ರ ತೊಟ್ಟವರು ಏನು ಹೇಳಿದರೂ ಹೂಂ ಅನ್ನುವುದು ವರ್ನನ್‌ನ ಜನ್ಮದ ಅಭ್ಯಾಸ. ಅದು ಬಿಗಿ ಚಡ್ಡಿಯಾದರೂ ಸಮವಸ್ತ್ರವೇ ತಾನೇ. “ಹಸಿರು” ಎಂದ. ಪಟಾಕಿ ಸಿಡಿಯಿತು. ಆಚೆ ದಂಡೆಯಲ್ಲಿ ರೋಂಡಾ ಕಿರೀಟ ಕಿತ್ತು ಕೋಳಿ ಮೂಳೆಯ ಮೇಲಿಟ್ಟು, ಯಾರ ಕಡೆಗೂ ನೋಡದೆ ಹೊರಗೆ ನಡೆದಳು.

ವರ್ನನ್ ನಿಲುವಂಗಿ ಎಳೆದಾಡಿಕೊಂಡು ಹೊರಗಿನ ಹಜಾರಕ್ಕೆ ಓಡಿದ. “ರೋಂಡಾ, ನಿಲ್ಲಮ್ಮ.”

“ಯಾಕಪ್ಪ ಓಡ್ತೀಯ? ನಂಗೇನೂ ಹೊಸದಲ್ಲ ಬಿಡು. ನಿಂಗೆ ಅವಳೇ ಹೆಚ್ಚು ಅಂತ ಚಿಕ್ಕಂದಿನಿಂದ ಗೊತ್ತಿತ್ತು, ಇವತ್ತು ಮೈಕಲ್ಲಿ ಹೇಳ್ದೆ ಅಷ್ಟೇ.” ಅವಳ ಕಣ್ಣು ತುಂಬಿತ್ತು.

“ನಾನಲ್ಲಮ್ಮ ಹೇಳಿದ್ದು. ಆ ಡಂಗುರದವನು ಹೇಳಿಕೊಟ್ಟ. ಮಂಗಳವಾರ ಹಸಿರೇ ಗೆಲ್ಲಬೇಕಂತೆ.”

ಹಿಂದೆಯೇ ಬಂದಿದ್ದ ಡೆನೀಸ್ ತಟಕ್ಕನೆ ನಿಂತಳು. “ಏನಂದೆ? ಹಾಗಿದ್ರೆ ನಾವು ಗೆದ್ದಿದ್ದು ಸುಳ್ಳಾ?”

“ನಾವು ಸೋತಿದ್ದೂ ಸುಳ್ಳೇ ಕಣೇ” ಎಂದಳು ರೋಂಡಾ. ಆ ಕೂಗಾಟ ಬಿಟ್ಟರೆ, ಎರಡು ವರ್ಷದ ಮೇಲೆ ತಂಗಿಗೆ ಆಡಿದ ಮೊದಲ ಮಾತು ಅದು ಎಂಬುದು ಅವಳಿಗೇ ಹೊಳೆಯಲಿಲ್ಲ. ಇಬ್ಬರೂ ಒಟ್ಟಿಗೇ ಟಿಕೆಟ್ ಕಿಟಕಿಯ ಕಡೆ ತಿರುಗಿದರು. “ಮ್ಯಾನೇಜರ್‌ನ ಕರೀರಿ.”

ವರ್ನನ್ ಬೆಂಚಿನ ಮೇಲೆ ಕುಳಿತು ಕಣ್ಣು ತುಂಬ ನೋಡಿದ. ಹಳದಿ ಶರ್ಟಿನ ಎರಡು ಬೆನ್ನು ಅಕ್ಕಪಕ್ಕ. ಸೆಖೆಗೋ ಸಿಟ್ಟಿಗೋ ರೋಂಡಾ ಸ್ವೆಟರ್ ಬಿಚ್ಚಿ ಹೆಗಲಿಗೆ ಹಾಕಿಕೊಂಡಿದ್ದಳು.

“ವಯಸ್ಸಾದವರ ಬಾಯಲ್ಲಿ ಸುಳ್ಳು ಹೇಳಿಸ್ತೀರಲ್ರೀ” ಎಂದಳು ರೋಂಡಾ.

“ಅದೂ ಹಾರ್ಟ್ ಪೇಷಂಟು” ಎಂದು ಡೆನೀಸ್ ಸೇರಿಸಿದಳು.

“ಎರಡು ಸಲ ಆಪರೇಷನ್ ಆಗಿದೆ” ಎಂದಳು ರೋಂಡಾ, ರೆಪ್ಪೆ ಬಡಿಯದೆ.

ವರ್ನನ್‌ಗೆ ಮೊಣಕಾಲು ನೋವು ಬಿಟ್ಟರೆ ಇನ್ನೇನೂ ಇರಲಿಲ್ಲ. ಚಿಕ್ಕವರಿದ್ದಾಗ ಕಿಟಕಿ ಗಾಜು ಒಡೆದು ಬಂದು ಅಮ್ಮನ ಮುಂದೆ ಇಬ್ಬರೂ ಹೀಗೆಯೇ ಸುಳ್ಳಿಗೆ ಸುಳ್ಳು ಪೋಣಿಸುತ್ತಿದ್ದರು. ಹೇಳಿಕೊಳ್ಳಲಾರದಷ್ಟು ಸಂತೋಷವಾಯಿತು ಅವನಿಗೆ.

ಆದರೆ ಆ ಹಾಳು ಮ್ಯಾನೇಜರು ಬಲು ಒಳ್ಳೆಯವನು. “ನಿಮ್ಮ ಬೇಜಾರು ನಂಗರ್ಥ ಆಗುತ್ತೆ ಮೇಡಂ. ತಪ್ಪು ನಮ್ಮದೇ. ನಾಳೆ ಎಲ್ಲರೂ ಬನ್ನಿ, ನಮ್ಮ ಲೆಕ್ಕದಲ್ಲೇ ಊಟ” ಎಂದ. ಅಕ್ಕತಂಗಿಯರ ಹೆಗಲು ಇಳಿಯಿತು. ಜಗಳವಾಡಲು ಏನೂ ಉಳಿಯಲಿಲ್ಲ. ರೋಂಡಾ ಸ್ವೆಟರಿನ ತೋಳು ಹುಡುಕತೊಡಗಿದಳು, ಡೆನೀಸ್ ಕಾರಿನ ಕೀಲಿ. ಇನ್ನೊಂದು ನಿಮಿಷ ಹೋದರೆ ಇವರು ಮತ್ತೆ ಎರಡು ಕಾರು ಎಂದು ವರ್ನನ್‌ಗೆ ದಿಗಿಲಾಯಿತು.

ಅವನು ಎದೆ ಹಿಡಿದುಕೊಂಡು ಬೆಂಚಿನ ಮೇಲೆ ವಾಲಿದ. ಇಬ್ಬರೂ ಓಡಿಬಂದರು. ಮ್ಯಾನೇಜರ್ ಬಿಳಿಚಿಕೊಂಡು ಫೋನಿಗೆ ಕೈಹಾಕಿದ. ಬೆವರು ಒರೆಸುವ ನೆಪದಲ್ಲಿ ರೋಂಡಾ ಅಪ್ಪನ ಕಿವಿಯ ಹತ್ತಿರ ಬಾಗಿದಳು.

“ಅಪ್ಪ, ಹೃದಯ ಎಡಗಡೆ ಇರೋದು.”

ವರ್ನನ್ ಕಣ್ಣು ಮುಚ್ಚಿಕೊಂಡೇ ಕೈಯನ್ನು ಮೆಲ್ಲಗೆ ಎಡಕ್ಕೆ ಸರಿಸಿದ. ರೋಂಡಾ ಸ್ವಲ್ಪ ಹೊತ್ತು ಆ ಮುದಿ ಕೈಯನ್ನೇ ನೋಡುತ್ತ ನಿಂತಳು.

“ಫೋನೇನೂ ಬೇಡ, ಆಗಾಗ ಹೀಗಾಗುತ್ತೆ” ಎಂದು ಮ್ಯಾನೇಜರ್‌ಗೆ ಹೇಳಿ, ತಂಗಿಯ ಕಡೆ ತಿರುಗಿದಳು. “ಆ ಕಡೆ ತೋಳು ಹಿಡ್ಕೊಳೇ ಡೆನೀಸ್. ನಿನ್ನ ಕಾರಲ್ಲೇ ಹೋಗೋಣ.”