ಮಧ್ಯಾಹ್ನದ ಅರುಂಧತಿ

ನಾನು ಅರುಂಧತಿ ನಕ್ಷತ್ರ. ಧೂಳು, ಅನಿಲಗಳ ಒಂದೇ ರಾಶಿಯಲ್ಲಿ ನಾವು ಆರು ಮಂದಿ ಹುಟ್ಟಿದೆವು. ನಿಮ್ಮ ಕಣ್ಣಿಗೆ ಕಾಣುವುದು ಎರಡೇ ಚುಕ್ಕೆ. ವಸಿಷ್ಠ ಎಂದು ನೀವು ಕರೆಯುವ ದೊಡ್ಡ ಚುಕ್ಕೆಯಲ್ಲಿ ನಾಲ್ವರಿದ್ದಾರೆ. ಪಕ್ಕದ ಮಸುಕು ಚುಕ್ಕೆಯಾದ ನನ್ನೊಳಗೆ ಇಬ್ಬರು. ಇಂಥ ತುಂಬಿದ ಮನೆಯನ್ನು ಗಂಡ-ಹೆಂಡತಿ ಎಂದು ಹೇಳಿ ಮುಗಿಸಿಬಿಟ್ಟಿರಿ. ಹೋಗಲಿ, ಅದನ್ನೂ ಸಹಿಸಿಕೊಂಡೆ.

ಮೊದಮೊದಲು ದಾರಿಹೋಕರು ನನ್ನನ್ನು ನೋಡಿ ತಮ್ಮ ಕಣ್ಣು ಎಷ್ಟು ಚುರುಕೆಂದು ತಿಳಿಯುತ್ತಿದ್ದರು. ಆಮೇಲೆ ಪುರೋಹಿತರ ಕೈಗೆ ಬಂದೆ. ಆಗಿನವರು ಕತ್ತಲಾಗುವವರೆಗೆ ಕಾದು ಮದುಮಗಳಿಗೆ ನನ್ನನ್ನು ತೋರಿಸುತ್ತಿದ್ದರು. ಈಗ ಕಾಯುವವರು ಯಾರು? ಊಟದ ಎಲೆ ಬೀಳುವ ಮೊದಲು ಅರುಂಧತಿ ಮುಗಿಯಬೇಕು. ಮಟಮಟ ಮಧ್ಯಾಹ್ನ ಬೆರಳು ಮೇಲೆತ್ತುತ್ತಾರೆ. ಎಲ್ಲರೂ ಕಂಡಿತೆಂದು ಕೈಮುಗಿಯುತ್ತಾರೆ. ಸಂಸಾರದ ಮೊದಲ ಮಾತೇ ಸುಳ್ಳು, ಅದಕ್ಕೆ ಸಾಕ್ಷಿ ನಾನು. ನನಗೆ ಸಾಕಾಗಿಹೋಗಿತ್ತು.

ಗದಗಿನ ಒಂದು ಕಲ್ಯಾಣ ಮಂಟಪದಲ್ಲಿ ಮೇ ತಿಂಗಳ ಮದುವೆ. ವರ ವಾದಿರಾಜ, ವಧು ಮಂದಾಕಿನಿ. ಫೋಟೋ ಚೆನ್ನಾಗಿ ಬರಲೆಂದು ಅವಳ ತಾಯಿ ಅವಳ ಕನ್ನಡಕ ತೆಗೆಸಿದ್ದಳು. ಹೆಣ್ಣು ನೋಡುವ ದಿನವೂ ತೆಗೆಸಿದ್ದಳು. ಸಪ್ತಪದಿಯಾದ ಮೇಲೆ ಪುರೋಹಿತ ಶೇಷಾಚಾರ್ಯರು ಇಬ್ಬರನ್ನೂ ಅಂಗಳಕ್ಕೆ ಕರೆತಂದು ಬೆರಳೆತ್ತಿದರು. ಅದೂ ದಕ್ಷಿಣಕ್ಕೆ. ನಾನಿರುವುದು ಉತ್ತರದಲ್ಲಿ, ಆ ಹೊತ್ತಿಗೆ ಇನ್ನೂ ದಿಗಂತದ ಮೇಲೆ ಬಂದೇ ಇರಲಿಲ್ಲ.

ವಾದಿರಾಜ ಕಂಡಿತೆಂದು ಕೈಮುಗಿದ.

"ನಿನಗ ಕಂಡ್ತೇನವಾ?"

"ಇಲ್ರಿ ಆಚಾರ್ರ, ಕಾಣವಲ್ದು," ಎಂದಳು ಮಂದಾಕಿನಿ.

"ಕಂಡ್ತು ಅಂದು ಕೈ ಮುಗಿಯವಾ. ಎಲ್ಲಾರೂ ಹಂಗ ಅಂತಾರ. ಎಲಿ ಹಾಕ್ಯಾರ."

"ಕಾಣದ್ದಕ್ಕ ಕಂಡದ ಅಂತ ಹ್ಯಾಂಗ ಅನ್ಲಿ?"

ವರನ ಸೋದರತ್ತೆ ಚಂಪಕ್ಕ ಮುಂದೆ ಬಂದಳು. "ನಮ್ಮ ವಾದಿಗೆ ಕಂಡದ, ಈಕಿಗೆ ಯಾಕ ಕಾಣವಲ್ದು? ಹುಡುಗಿ ಕಣ್ಣಾಗ ದೋಷ ಅದ. ನಮ್ಮ ಮುಂದ ಮುಚ್ಚಿಟ್ಟಾರ."

ತಾಯಿಯ ಮುಖ ಬಿಳಿಚಿಕೊಂಡಿತು. ಹೋಗುವ ಮನೆಯವರಿಂದ ಮೊದಲ ದಿನವೇ ಬಂದ ಮಾತು, ಅದು ಹುಡುಗಿಗೆ ಜೀವಮಾನವಿಡೀ ಅಂಟಿಕೊಳ್ಳುತ್ತಿತ್ತು. ಮಂದಾಕಿನಿ ತಾಯಿಯ ಚೀಲದಿಂದ ಕನ್ನಡಕ ತೆಗೆದು ಎಲ್ಲರೆದುರು ಹಾಕಿಕೊಂಡಳು. "ಕನ್ನಡಕ ಬೇಕು, ಖರೇ. ಆದ್ರ ಇದು ಹಾಕ್ಕೊಂಡ್ರೂ ಅರುಂಧತಿ ಕಾಣವಲ್ಲಳು."

ಆಗ ವಾದಿರಾಜ ಬಾಯಿಬಿಟ್ಟ. "ಅತ್ಯಾ, ನನಗೂ ಕಂಡಿಲ್ಲ. ಎಲ್ಲಾರೂ ಅಂತಾರಂತ ಅಂದೆ."

"ಹಂಗಾರ ಸಂಜೀಕೆ ನೋಡ್ರಿ," ಎಂದು ಶೇಷಾಚಾರ್ಯರು ಊಟಕ್ಕೆ ನಡೆದರು.

ಕತ್ತಲಾಗುತ್ತಲೇ ಮದುಮಕ್ಕಳು, ಚಂಪಕ್ಕ ಮೂವರೂ ಮಾಳಿಗೆ ಹತ್ತಿದರು. ಚಂಪಕ್ಕ ಬಂದದ್ದು ಪರೀಕ್ಷೆ ಮಾಡಲಿಕ್ಕೆ. ನಾನು ಉತ್ತರದಲ್ಲಿ, ಸಪ್ತರ್ಷಿಗಳ ಬಾಲದಲ್ಲಿ, ಎಂದಿನ ಜಾಗದಲ್ಲಿದ್ದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಮಸುಕಾಗಿ ಹುಟ್ಟಿದ್ದಕ್ಕೆ ಅಂದು ಮೊದಲ ಬಾರಿ ನನ್ನನ್ನೇ ಬೈದುಕೊಂಡೆ.

"ದೊಡ್ಡದರ ಮಗ್ಗಲಕ್ಕ ಸಣ್ಣದೊಂದು ಅದ, ಹೌದಲ್ರಿ ಅತ್ಯಾ?" ಎಂದಳು ಮಂದಾಕಿನಿ.

ಚಂಪಕ್ಕ ಹಣೆಗೆ ಕೈ ಅಡ್ಡ ಹಿಡಿದು ದಿಟ್ಟಿಸಿದಳು. "ಹೌದವಾ, ಅದ," ಎಂದು ಒಪ್ಪಿಕೊಂಡಳು.

ವಾದಿರಾಜ ಮಾತ್ರ ಕತ್ತು ಎತ್ತಿಯೇ ನಿಂತಿದ್ದ. ಕಂಡಿತೆಂಬ ಮಧ್ಯಾಹ್ನದ ಮಾತು ಮತ್ತೆ ಅವನ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡ. "ನನಗ ಒಂದ ಕಾಣಸ್ತದ," ಎಂದ.

ಮಂದಾಕಿನಿ ತನ್ನ ಕನ್ನಡಕ ತೆಗೆದು ಅವನ ಮೂಗಿನ ಮೇಲಿಟ್ಟಳು. ಚಂಪಕ್ಕ ಮೆಟ್ಟಿಲು ಇಳಿದಳು.

"ಈಗ ಕಂಡ್ತು," ಎಂದ ವಾದಿರಾಜ.

ನನಗೆ ಬಹಳ ವಯಸ್ಸಾಗಿದೆ, ತುಂಬ ದೂರವಿದ್ದೇನೆ; ನನ್ನ ಬೆಳಕು ನಿಮ್ಮನ್ನು ಮುಟ್ಟಲು ಎಂಬತ್ತು ವರ್ಷ ಬೇಕು. ಅವನು ಕಂಡ ಬೆಳಕು ನನ್ನಿಂದ ಹೊರಟದ್ದು ಅವನ ಅಜ್ಜನ ಮದುವೆಯ ಕಾಲಕ್ಕೆ. ಆ ಅಜ್ಜನೂ ಮಟಮಟ ಮಧ್ಯಾಹ್ನ ಇದೇ ಮಾತು ಹೇಳಿದ್ದ. ಮೊಮ್ಮಗ ಹೇಳಿದ್ದನ್ನು ನಾನು ನಂಬಿದೆ.