ಅಳತೆಯ ಬಾವಿ

“ಪ್ಲಗ್ ಎಲ್ಲಿದೆ?” ಎಂದು ತಮ್ಮ ಕೇಳಿದಾಗ ನಡುಮನೆಯಲ್ಲಿ ಕೂತಿದ್ದವರೆಲ್ಲ ಮುಖ ಮುಖ ನೋಡಿಕೊಂಡರು. ಒಡಹುಟ್ಟಿದ ಅಣ್ಣನ ಹೆಣ ಎದುರಿಗಿದೆ, ಎರಡು ಹನಿ ಕಣ್ಣೀರು ಹಾಕುವುದು ಬಿಟ್ಟು ಕಬ್ಬಿಣ ಕೊಯ್ಯುವ ಯಂತ್ರ ಹಿಡಿದುಕೊಂಡು ಬಂದವನಿಗೆ ಏನು ಹೇಳುವುದು? ಪಕ್ಕದ ಮನೆಯಾಕೆ ಮಾತ್ರ ಟೀವಿಯ ಹಿಂದಕ್ಕೆ ಬೆರಳು ತೋರಿಸಿದಳು. ಅವನು ಅಲ್ಲಿ ವೈರು ಸಿಕ್ಕಿಸಿ, ಸುರುಳಿ ಬಿಚ್ಚುತ್ತ, ಕೂತವರ ಕಾಲುಗಳನ್ನು ದಾಟಿಕೊಂಡು ಹಿತ್ತಲಿಗೆ ನಡೆದ.

ಹೆಣ ಚಾಪೆಯ ಮೇಲಿತ್ತು. ನೆತ್ತಿಯಿಂದ ಪಾದದವರೆಗೆ ಬೂದು ಬಣ್ಣ. ರಸ್ತೆಯಾಚೆ ನೀರನ್ನು ಬಾಟಲಿಗೆ ತುಂಬಿ ಮಾರುವ ಕಂಪನಿಯವರು ಬೆಳಗ್ಗೆ ಹೊಸ ಬೋರು ಕೊರೆಸಲು ಶುರು ಮಾಡಿದ್ದರು. ಅಂತರ್ಜಲ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದ ಇವರು ಹಲ್ಲುಜ್ಜುತ್ತಿದ್ದವರು ಬಾಯಿ ಮುಕ್ಕಳಿಸಿ, ಶರ್ಟಿನ ಗುಂಡಿ ಹಾಕಿಕೊಳ್ಳುತ್ತಲೇ ತಡೆಯಲು ಓಡಿದ್ದರು. ಅಲ್ಲಿಯವರು ಅನುಮತಿ ಪತ್ರ ತೋರಿಸಿದರು. ಇವರದೇ ಕಚೇರಿಯ ಮೊಹರು, ಇವರ ಮೇಲಧಿಕಾರಿಯದೇ ಸಹಿ. ಅದನ್ನು ಓದಿ ಯಂತ್ರದ ಪಕ್ಕದಲ್ಲೇ ಕುಸಿದು ಕೂತವರು ಮತ್ತೆ ಏಳಲಿಲ್ಲ. ಜನ ಎತ್ತಿಕೊಳ್ಳುವಷ್ಟರಲ್ಲಿ ಕೊರೆದ ಕಲ್ಲಿನ ಹುಡಿ ಅವರ ಕೂದಲಲ್ಲಿ, ಹುಬ್ಬಿನಲ್ಲಿ, ಕಿವಿಯೊಳಗೆ ಕೂತುಬಿಟ್ಟಿತ್ತು. ಡಾಕ್ಟರು ಎದೆಯ ಮೇಲಿನ ಹುಡಿ ಒರೆಸಿಯೇ ಪರೀಕ್ಷೆ ಮಾಡಿದ್ದು.

ಹಾಗೇ ಕಳಿಸುವಂತಿಲ್ಲ, ತೊಳೆಯಬೇಕು. ತೊಳೆಯುವುದಕ್ಕೆ ಮನೆಯಲ್ಲಿ ನೀರಿರಲಿಲ್ಲ. ಬೀದಿ ನಲ್ಲಿಗೆ ಇವತ್ತು ನೀರು ಬಿಡುವ ದಿನವಲ್ಲ. ಬಿಂದಿಗೆಯಲ್ಲಿದ್ದದ್ದು ಬಂದವರ ಚಹಾಕ್ಕೆ, ಅತ್ತವರ ಮುಖ ತೊಳೆಯುವುದಕ್ಕೆ ಮುಗಿದುಹೋಗಿತ್ತು. ಮಗಳು ಟ್ಯಾಂಕರಿನವನಿಗೆ ಫೋನು ಮಾಡಿದಳು.

“ಬಿರಡೆ ಸಾಹೇಬ್ರ ಮನೆಗಾ?” ಎಂದ ಅವನು. ಬೋರುಗಳಿಗೆಲ್ಲ ಮುಚ್ಚಳ ಹಾಕಿಸಿಕೊಂಡು ತಿರುಗುವವರಿಗೆ ಜನ ಇಟ್ಟ ಹೆಸರು ಅದು. “ನನ್ನ ಗಾಡೀನ ಎರಡು ಸಲ ಹಿಡಿದು ಹಾಕಿದ್ರಮ್ಮ ನಿಮ್ಮಪ್ಪ. ಪಾಪ, ಹೋದಲ್ಲಿ ಒಳ್ಳೇದಾಗ್ಲಿ. ಗಾಡಿ ಮಾತ್ರ ಬರಲ್ಲ.”

ಹಿತ್ತಲಲ್ಲಿ ಬಾವಿ ಇತ್ತು. ಅದರ ಬಾಯಿಗೆ ಕಬ್ಬಿಣದ ಹಾಳೆ ಬೆಸುಗೆ ಹಾಕಿ ಮುಚ್ಚಿತ್ತು. ಟೇಪಣ್ಣ ಆ ಹಾಳೆಯ ಮೇಲೆ ಎರಡೂ ಕೈ ಊರಿ ನಿಂತಿದ್ದ. ಇನ್‌ಸ್ಪೆಕ್ಟರ ಜೊತೆ ಅಳತೆಯ ಟೇಪು ಹಿಡಿದುಕೊಂಡು ಬಾವಿ ಬಾವಿ ಸುತ್ತಿದ ಸಹಾಯಕ ಅವನು. ಅವನಿಗೂ ಕೂದಲು ಹಣ್ಣಾಗಿತ್ತು.

“ಬೇಡಪ್ಪಾ, ಇದು ಇಲಾಖೆಗೆ ಬರೆದುಕೊಟ್ಟ ಬಾವಿ. ಕೊಯ್ದರೆ ಕೇಸಾಗುತ್ತೆ.”

“ಯಾರ ಮೇಲೆ ಹಾಕ್ತೀರಿ ಕೇಸು? ಅಲ್ಲಿ ಮಲಗಿದಾನಲ್ಲ, ಅವನ ಮೇಲಾ?”

“ತಮಾಷೆ ಮಾಡೋ ಹೊತ್ತಾ ಇದು?”

“ತಮಾಷೆಗೆ ಬಂದಿಲ್ಲ ನಾನು. ಈ ಬಾವಿ ನಮ್ಮಪ್ಪ ತೋಡಿಸಿದ್ದು. ಇದರ ಕಟ್ಟೆ ಮೇಲೆ ನಾವಿಬ್ಬರೂ ಬೆನ್ನು ತಿಕ್ಕಿಕೊಂಡು ಬೆಳೆದಿದ್ದೀವಿ. ಊರಿನ ಆಸ್ಪತ್ರೆ ಹಾಸಿಗೆ ಬಟ್ಟೆಯೆಲ್ಲ ಒಗೆದವನು ನಾನು. ನಮ್ಮಣ್ಣ ಈ ಕೊಳೇಲಿ ಹೋಗೋದಾ?”

“ಅತ್ತಿಗೇನ ಕೇಳು ಮೊದಲು,” ಎಂದ ಟೇಪಣ್ಣ. ಆಕೆ ಬೇಡವೆಂದೇ ಹೇಳುತ್ತಾರೆ ಎಂಬ ಭರವಸೆ ಅವನಿಗೆ. ಮಾತು ಕೇಳಿ ಇನ್‌ಸ್ಪೆಕ್ಟರ ಹೆಂಡತಿ ಅಷ್ಟರಲ್ಲಿ ಹಿಂಬಾಗಿಲಿಗೆ ಬಂದು ನಿಂತಿದ್ದರು.

\* \* \*

ಊರಿನ ನೆಲದಡಿ ನೀರು ಬರಿದಾಗುತ್ತಿದೆ, ವ್ಯಾಪಾರದ ಬೋರುಗಳನ್ನೆಲ್ಲ ಮುಚ್ಚಬೇಕು ಎಂದು ಆದೇಶ ಬಂದ ವರ್ಷ ಅದು. ಇನ್‌ಸ್ಪೆಕ್ಟರು ಸಭೆ ಕರೆದು ಆದೇಶ ಓದಿ ಹೇಳುತ್ತಿದ್ದಾಗ ಹಿಂದಿನಿಂದ ಯಾರೋ ಕೂಗಿದರು: “ಮೊದಲು ನಿಮ್ಮನೆ ಬಾವಿ ಮುಚ್ಚಿ ಬನ್ನಿ ಸ್ವಾಮಿ!” ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮನೆ ಬಾವಿಗೆ ಆದೇಶದಲ್ಲಿ ವಿನಾಯಿತಿ ಇತ್ತು. ಅದನ್ನು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಇವರು ಮಾತಿಗೆ ಸಿಕ್ಕಿಬೀಳುವ ಜಾತಿ. ಮಾರನೆಯ ದಿನವೇ ಬೆಸುಗೆಯವನು ಹಿತ್ತಲಿಗೆ ಬಂದ.

ಬಾವಿಯನ್ನು ಇಲಾಖೆಗೆ ಅಳತೆಯ ಬಾವಿಯಾಗಿ ಬರೆದುಕೊಟ್ಟರು. ಅಳತೆಯ ಬಾವಿಯಿಂದ ಯಾರೂ ಒಂದು ಕೊಡವೂ ಸೇದುವಂತಿಲ್ಲ. ಸೇದದೆ ಬಿಟ್ಟರೆ ಮಾತ್ರ ಸುತ್ತಲಿನ ನೆಲದಡಿ ನೀರು ಎಲ್ಲಿ ನಿಂತಿದೆ ಎಂಬುದು ಸರಿಯಾಗಿ ತಿಳಿಯುತ್ತದೆ. ಮುಚ್ಚಿದ ಹಾಳೆಯಲ್ಲಿ ಮುಷ್ಟಿಯಷ್ಟು ಕಿಂಡಿ, ಅದಕ್ಕೊಂದು ಬೀಗ. ತಿಂಗಳಿಗೊಮ್ಮೆ ಬೀಗ ತೆಗೆದು, ಸೀಮೆಸುಣ್ಣ ಬಳಿದ ಟೇಪನ್ನು ಇಳಿಬಿಟ್ಟು, ಎಲ್ಲಿಯವರೆಗೆ ಸುಣ್ಣ ಒದ್ದೆಯಾಗಿದೆ ಎಂದು ನೋಡುವುದು.

ಹೆಂಡತಿ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ನಿಂತಿದ್ದರು. “ಅಡುಗೆಗೆ ಏನು ಮಾಡ್ಲಿ?”

“ಬೀದಿ ನಲ್ಲಿ ಇದೆಯಲ್ಲ.”

“ಎಷ್ಟು ದಿನ ಅಂತ ಬೀದೀಲಿ ನಿಲ್ಲೋದು?”

“ಇದು ಎಲ್ಲೂ ಓಡಿ ಹೋಗಲ್ಲ ಕಣೇ. ನಿನ್ನ ಹೆಸರಲ್ಲಿ ಬ್ಯಾಂಕಲ್ಲಿ ಇಟ್ಟ ಹಾಗೆ. ಬೇಕೇಬೇಕು ಅನ್ನೋ ದಿನ ಬಂದರೆ ಒಡೆದು ಸೇದಿಕೊಂಡ್ರಾಯ್ತು. ಆಗ ನಾನೇ ಒಡೀತೀನಿ.”

ಅದಾದ ಮೇಲೆ ತಮ್ಮನ ಲಾಂಡ್ರಿಯ ಸರದಿ. ಬೇರೆಯವರನ್ನು ಕಳಿಸಬಹುದಿತ್ತು, ತಾವೇ ಹೋದರು. “ನಿನ್ನ ತಮ್ಮ ಕಣೋ ನಾನು,” ಎಂದ ಅವನು. “ಅದಕ್ಕೇ ನಾನೇ ಬಂದೆ,” ಎಂದರು ಇವರು. ಬೋರು ಮುಚ್ಚಿತು, ಲಾಂಡ್ರಿ ಮುಚ್ಚಿತು, ಅಣ್ಣತಮ್ಮಂದಿರ ಮಾತೂ ಮುಚ್ಚಿಹೋಯಿತು. ತಮ್ಮ ಬಸ್ ನಿಲ್ದಾಣದ ಹತ್ತಿರ ಇಸ್ತ್ರಿ ಮೇಜು ಹಾಕಿಕೊಂಡ. ಮನೆಯೆದುರಿನ ನೀರಿನ ಕಂಪನಿಯ ಬಾಗಿಲಿಗೆ ಇವರು ಹೋದಾಗ ಅಲ್ಲಿ ವಕೀಲರು ಕೂತಿದ್ದರು. ಕಂಪನಿ ಕುಡಿಯುವ ನೀರು ಕೊಡುತ್ತಿದೆ, ಆದ್ದರಿಂದ ಅದಕ್ಕೆ ಆದೇಶ ತಾಗುವುದಿಲ್ಲ ಎಂದರು. ಬೆಸುಗೆಯವನನ್ನು ಕರೆದುಕೊಂಡು ಇವರು ಬರಿಗೈಯಲ್ಲಿ ವಾಪಸು ಬಂದರು.

ಹೆಂಡತಿ ನೀರು ಹೊತ್ತರು. ನಲ್ಲಿಯ ಸಾಲಿನಲ್ಲಿ “ಬಿರಡೆ ಸಾಹೇಬ್ರ ಹೆಂಡ್ತಿಗೂ ಇಲ್ಲೇ ಜಾಗನಾ?” ಎಂದು ಚುಚ್ಚಿದವರಿಗೆ, “ನಮ್ಮ ಬಾವಿ ತುಂಬ ನೀರಿದೆ, ಇವರು ಮನಸ್ಸು ಮಾಡ್ತಿಲ್ಲ ಅಷ್ಟೆ,” ಎಂದು ತಲೆಯೆತ್ತಿ ಹೇಳಿದರು. ಮಂಡಿ ಸವೆಯಿತು. ತಿಂಗಳಿಗೊಮ್ಮೆ ಅಡುಗೆಮನೆ ಕಿಟಕಿಯಿಂದ ಟೇಪು ಇಳಿಯುವುದನ್ನು ನೋಡಿ ಕೇಳುತ್ತಿದ್ದರು: “ಇದೆಯಾ?” “ಇದೆ.” “ಎಷ್ಟಿದೆ?” “ಬೇಕಾದಷ್ಟಿದೆ.” ಮೈ ಹಣ್ಣಾದ ದಿನ ಮಲಗಿದಾಗ ಆಕೆ ಆ ನೀರನ್ನು ನೆನೆಸಿಕೊಳ್ಳುತ್ತಿದ್ದರು. ಮನೆಯ ಕೆಳಗೇ ಇದೆ, ತನ್ನದೇ ಎನ್ನಿಸಿ ನಿದ್ದೆ ಹತ್ತುತ್ತಿತ್ತು.

\* \* \*

“ಕೊಯ್ಯಪ್ಪ,” ಎಂದರು ಆಕೆ.

ಟೇಪಣ್ಣ ಹಾಳೆಯ ಮೇಲೆ ಇನ್ನಷ್ಟು ಬಾಗಿದ. “ಅಮ್ಮಾ, ಸ್ವಲ್ಪ ತಡೀರಿ. ಎಲ್ಲಿಂದಾದ್ರೂ ನಾನೇ ಎರಡು ಬಿಂದಿಗೆ ತರ್ತೀನಿ.”

“ಯಾಕೆ ತರ್ತೀರಿ? ಬೇಕೇಬೇಕು ಅನ್ನೋ ದಿನಕ್ಕೆ ಅಂತ ಇವರೇ ಇಟ್ಟಿದ್ದು. ಇದಕ್ಕಿಂತ ಇನ್ನು ಯಾವ ದಿನ ಬರಬೇಕು ನನಗೆ?”

ಟೇಪಣ್ಣ ಕೈ ತೆಗೆದು ಪಕ್ಕಕ್ಕೆ ಸರಿದ. ಯಂತ್ರ ಕಿರುಚಿತು, ಕಿಡಿ ಹಾರಿತು. ಸದ್ದು ಬೀದಿಗೆಲ್ಲ ಕೇಳಿಸಿ, ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಹಿತ್ತಲಿಗೆ ಬಂದರು. ಬಂದವರಲ್ಲಿ ಕೆಲವರ ಕೈಯಲ್ಲಿ ಕೊಡಗಳಿದ್ದವು. ಸಾವಿನ ಮನೆಗೆ ಕೊಡ ತಂದೆವಲ್ಲ ಎಂಬ ನಾಚಿಕೆಗೆ ಅದನ್ನು ಹಿಂದೆ ಹಿಡಿದುಕೊಂಡು ನಿಂತರು. “ಸತ್ತ ಮೇಲಾದ್ರೂ ಬಿರಡೆ ತೆಗೆದ್ರಲ್ಲ, ಪುಣ್ಯಾತ್ಮ,” ಎಂದು ಒಬ್ಬ ಪಿಸುಗುಟ್ಟಿದ. ಹೆಂಡತಿಗೆ ಅದು ಕೇಳಿಸಿತು, ಆದರೆ ಸಿಟ್ಟು ಬರಲಿಲ್ಲ. ಅವರಿಗೂ ಒಂದೊಂದು ಕೊಡ ಕೊಟ್ಟರಾಯಿತು ಎಂದುಕೊಂಡರು.

ನಾಲ್ಕು ಜನ ಸೇರಿ ಹಾಳೆಯನ್ನು ಸರಿಸಿದರು. ತಮ್ಮ ಬಕೆಟ್ಟಿಗೆ ಹಗ್ಗ ಕಟ್ಟಿ ಇಳಿಬಿಟ್ಟ. ಹಗ್ಗ ಇಳಿಯಿತು, ಇನ್ನೂ ಇಳಿಯಿತು. ಸಾಲದೆ ಇನ್ನೊಂದನ್ನು ಗಂಟು ಹಾಕಿದರು. ಕೊನೆಗೆ ಕೆಳಗಿನಿಂದ ತಗಡು ನೆಲಕ್ಕೆ ಬಡಿದ ಸದ್ದು ಬಂತು. ಅವನು ಹಗ್ಗ ಅಲ್ಲಾಡಿಸಿ ಮತ್ತೆ ಬಿಟ್ಟ. ಮತ್ತೆ ಅದೇ ಸದ್ದು.

“ಸರಿಯಾಗಿ ಬಿಡು. ಆ ಕಡೆ ಮೂಲೇಲಿ ಬಿಡು, ಅಲ್ಲಿರುತ್ತೆ,” ಎಂದರು ಆಕೆ. ದುಂಡನೆಯ ಬಾವಿಗೆ ಮೂಲೆ ಎಲ್ಲಿಂದ ಬರಬೇಕು? ಆದರೂ ತಮ್ಮ ಹಗ್ಗ ಹಿಡಿದು ಕಟ್ಟೆಯ ಸುತ್ತ ಒಂದು ಸುತ್ತು ಬಂದ. ಬಕೆಟ್ಟು ಮೇಲೆ ಬಂದಾಗ ಅದರ ತಳದಲ್ಲಿ ಒಂದು ಹಿಡಿ ಒಣಮಣ್ಣಿತ್ತು. ಮೊಬೈಲಿನ ಬೆಳಕು ಬಿಟ್ಟು ಬಗ್ಗಿ ನೋಡಿದ ಮಗಳು ಹಿಂದೆ ಸರಿದಳು. ಕೊಡ ತಂದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಹೆಂಡತಿ ಟೇಪಣ್ಣನ ಕಡೆ ತಿರುಗಿದರು. “ನಿಮಗೆ ಗೊತ್ತಿತ್ತು.”

ಅವನು ತಲೆ ತಗ್ಗಿಸಿದ.

“ಯಾವಾಗಿಂದ?”

“ನಿಮ್ಮ ಮಗಳ ಮದುವೆ ಆಯ್ತಲ್ಲಮ್ಮ, ಆ ವರ್ಷದಿಂದ.”

ಮಗಳ ಮಗ ಈಗ ಶಾಲೆಗೆ ಹೋಗುತ್ತಿದ್ದಾನೆ.

\* \* \*

ಆ ವರ್ಷದ ಒಂದು ದಿನ ಟೇಪು ಹೋದಷ್ಟೇ ಬೆಳ್ಳಗೆ ಮೇಲೆ ಬಂದಿತ್ತು. ಇನ್‌ಸ್ಪೆಕ್ಟರು ಅದನ್ನು ಬೆರಳಿನಿಂದ ಸವರಿ ನೋಡಿ, ಟೇಪಣ್ಣನನ್ನು ಕರೆದುಕೊಂಡು ನೇರ ಮೇಲಧಿಕಾರಿಯ ಕೋಣೆಗೆ ಹೋದರು.

“ಒಣಗಿದ ಬಾವಿಗೆ ನೀರಿನ ಮಟ್ಟ ಅಂತ ಏನು ಬರೀತೀರಿ?” ಎಂದರು ಮೇಲಧಿಕಾರಿ. “ನೀರಿದ್ರೆ ತಾನೆ ಮಟ್ಟ? ಅದನ್ನ ಲೆಕ್ಕದಿಂದ ಬಿಡಿ. ಉಳಿದ ಬಾವಿಗಳ ಸರಾಸರಿ ತೆಗೀರಿ.”

ಅಲ್ಲಿ ಅದೇ ಪದ್ಧತಿ. ಒಂದೊಂದು ಬಾವಿ ಒಣಗಿದಾಗಲೂ ಅದು ಲೆಕ್ಕದಿಂದ ಹೊರಗೆ ಬೀಳುತ್ತಿತ್ತು. ಉಳಿದವೆಲ್ಲ ನೀರಿರುವ ಬಾವಿಗಳೇ ಆದ್ದರಿಂದ ಸರಾಸರಿ ಪ್ರತಿ ವರ್ಷ ಸುಧಾರಿಸುತ್ತಿತ್ತು. ಯಾರೂ ಸುಳ್ಳು ಬರೆದಿರಲಿಲ್ಲ, ಯಾರೂ ಲಂಚ ತಿಂದಿರಲಿಲ್ಲ. ಅಂತರ್ಜಲ ಮೇಲೇರುತ್ತಿದೆ ಎಂದು ಇಲಾಖೆ ಪ್ರಕಟಿಸಿತು, ಸಭೆಯಲ್ಲಿ ಚಪ್ಪಾಳೆ ಬಿತ್ತು. ನೀರು ಹೆಚ್ಚಿದ ಮೇಲೆ ಹೊಸ ಬೋರಿಗೆ ಅನುಮತಿ ಕೊಡಲು ಅಡ್ಡಿ ಏನು?

“ಸಾರ್, ಸತ್ತೋರನ್ನ ಬಿಟ್ಟು ಉಳಿದೋರ ನಾಡಿ ನೋಡಿ, ಊರಿಗೆ ಊರೇ ಆರೋಗ್ಯವಾಗಿದೆ ಅಂದ ಹಾಗಾಯ್ತು,” ಎಂದರು ಇನ್‌ಸ್ಪೆಕ್ಟರು. ಮೇಲಧಿಕಾರಿಗೆ ಆ ಮಾತು ಬಹಳ ಹಿಡಿಸಿತು. ಊಟದ ಹೊತ್ತಿಗೆ ಕಚೇರಿಗೆಲ್ಲ ಹೇಳಿ ನಗಿಸಿದರು.

ವಾಪಸು ಬರುವಾಗ ಇನ್‌ಸ್ಪೆಕ್ಟರು ರಸ್ತೆಯಲ್ಲೇ ನಿಂತುಬಿಟ್ಟರು. “ಮನೇಲಿ ಹೇಳ್ಬೇಡ ಕಣೋ,” ಎಂದರು ಟೇಪಣ್ಣನಿಗೆ. “ಅವಳು ಅದೊಂದನ್ನ ನಂಬಿಕೊಂಡು ನೀರು ಹೊರ್ತಿದಾಳೆ.” ಲೆಕ್ಕದಲ್ಲಿ ಇಲ್ಲದ ಬಾವಿಗೆ ಆಮೇಲೂ ತಿಂಗಳಿಗೊಮ್ಮೆ ಟೇಪು ಇಳಿಯಿತು. ಕಿಟಕಿಯಲ್ಲಿ ಆಕೆ ನಿಂತಿರುತ್ತಿದ್ದರು.

\* \* \*

ತಮ್ಮ ಬಾವಿಕಟ್ಟೆಯ ಮೇಲೆ ಕೂತಿದ್ದ. “ನನ್ನ ಲಾಂಡ್ರಿ ಮುಚ್ಚಿಸಿದ್ದು ಇದಕ್ಕಾ?” ಎಂದ. ಯಾರನ್ನು ಕೇಳಿದನೋ ಅವನಿಗೇ ಗೊತ್ತಿರಲಿಲ್ಲ. “ಇಷ್ಟು ವರ್ಷ ಮಾತು ಬಿಟ್ಟಿದ್ದು ಇದಕ್ಕಾ?” ಎನ್ನುತ್ತ, ಬೆಳಗಿನಿಂದ ಬಾರದಿದ್ದ ಅಳು ಒಮ್ಮೆಲೇ ಬಂದು, ಬಿಕ್ಕಿ ಬಿಕ್ಕಿ ಅತ್ತ.

ಹೆಂಡತಿ ಅಳಲಿಲ್ಲ. ಒಳಗೆ ಬಂದು ಚಾಪೆಯ ಪಕ್ಕ ಕೂತು, ಗಂಡನ ಮುಖಕ್ಕೆ ಮುಖ ಕೊಟ್ಟು ಜಗಳಕ್ಕೇ ನಿಂತರು. “ಒಂದು ಮಾತು ಹೇಳಿದ್ರೆ ನಾಲಿಗೆ ಸವೀತಿತ್ತಾ? ಬೇಕಾದಷ್ಟಿದೆಯಂತೆ! ಮಂಡಿ ಹೋಯ್ತು, ಸೊಂಟ ಹೋಯ್ತು. ಯಾರ್ಯಾರ ಕೈಲಿ ಏನೇನು ಅನ್ನಿಸಿಕೊಂಡೆ. ಎಲ್ಲ ಇದೆ ಅಂದುಕೊಂಡು ತಾನೆ ಹೊತ್ತಿದ್ದು?”

ಆಗ ಮೇಲಧಿಕಾರಿ ಬಂದರು. ಕೈಯಲ್ಲಿ ಹೂವಿನ ಹಾರ. ಹಿಂದೆ ಕಂಪನಿಯ ಸಮವಸ್ತ್ರದಲ್ಲಿ ಇಬ್ಬರು, ಅವರ ಹೆಗಲ ಮೇಲೆ ಪ್ಲಾಸ್ಟಿಕ್ ಸುತ್ತಿದ ನೀರಿನ ಬಾಟಲಿಗಳ ಕಟ್ಟು.

“ಇಂಥ ಮನುಷ್ಯ ಮತ್ತೆ ಸಿಗಲ್ಲಮ್ಮ,” ಎಂದರು. ಅವರ ಕಣ್ಣು ನಿಜಕ್ಕೂ ತೇವವಾಗಿತ್ತು. “ಇವರು ಇಲ್ಲಿಂದ ಹೊರಡೋವರೆಗೂ ಕೊರೆಯೋದು ನಿಲ್ಲಿಸಿ ಅಂತ ನಾನೇ ಹೇಳಿದೀನಿ. ಬಂದವರಿಗೆ ಕುಡಿಯೋಕೆ ಅಂತ ಕಂಪನಿಯವರು ಇದನ್ನ ಕಳಿಸಿದಾರೆ.”

“ತೊಗೊಂಡು ಹೋಗಿ ವಾಪಸ್ಸು!” ಎಂದು ಮಗಳು ಎದ್ದು ನಿಂತಳು.

“ಇಡಿ,” ಎಂದರು ತಾಯಿ.

“ಅಮ್ಮಾ, ಅವರ ನೀರಲ್ಲಿ ಅಪ್ಪನ್ನ ತೊಳೆಯೋದಾ?”

“ಅವರದೆಲ್ಲಿಂದ ಬಂತು? ನಮ್ಮ ಬಾವೀದು. ಇಡಿ ಇಲ್ಲಿ.”

ಮೇಲಧಿಕಾರಿ ಹಾರ ಹಾಕಿ, ಕೈ ಮುಗಿದು, ಹೊರಗೆ ಹೋಗಿ ನಿಂತರು. ತಮ್ಮ ಮುಖ ಒರೆಸಿಕೊಂಡು ಒಳಗೆ ಬಂದ. ಟೇಪಣ್ಣನೂ ಅವನೂ ಸೇರಿ ಚಾಪೆಯನ್ನು ಬಚ್ಚಲಿಗೆ ಎತ್ತಿಕೊಂಡು ಹೋದರು. ಪ್ಲಾಸ್ಟಿಕ್ ಹರಿದು ಟೇಪಣ್ಣ ಬಾಟಲಿಗಳ ಮುಚ್ಚಳ ತಿರುವಿ ತಿರುವಿ ಕೊಟ್ಟ. ತಮ್ಮನದು ಪಳಗಿದ ಕೈ. ತೋಳು, ಎದೆ, ಬೆರಳ ಸಂದು, ಕಿವಿಯ ಹಿಂದೆ, ಒಂದೂ ಬಿಡದೆ ಉಜ್ಜಿ ತೊಳೆದ. ಬೂದು ನೀರು ಹರಿದು ಮೋರಿಗೆ ಹೋಯಿತು. ಬೂದು ಬಣ್ಣದ ಅಡಿಯಿಂದ ಗೊತ್ತಿದ್ದ ಮನುಷ್ಯ ಸ್ವಲ್ಪಸ್ವಲ್ಪವಾಗಿ ಕಾಣಿಸಿಕೊಂಡ. ಬೀದಿಯಲ್ಲಿ ಹೆಣ ಒಯ್ಯುವ ವ್ಯಾನು ಹಾರ್ನ್ ಹೊಡೆಯಿತು.

ಮುಖ ಮಾತ್ರ ಉಳಿದಿತ್ತು. ಕೊನೆಯ ಬಾಟಲಿಯನ್ನು ತಮ್ಮ ಬಗ್ಗಿಸುವುದರಲ್ಲಿದ್ದ.

“ತಡಿ,” ಎಂದು ಅತ್ತಿಗೆ ಅದನ್ನು ಕೈಯಿಂದ ಕಿತ್ತುಕೊಂಡರು. ಕಂಪನಿಯ ಶೈತ್ಯಾಗಾರದಿಂದ ಬಂದ ಬಾಟಲಿ, ಇನ್ನೂ ಕೊರೆಯುತ್ತಿತ್ತು. “ಮುಖಕ್ಕೆ ತಣ್ಣೀರು ಬಿದ್ರೆ ಬೆಚ್ಚಿಬೀಳ್ತಾರೆ.”

ಆಕೆ ಬಚ್ಚಲ ಹೊಸ್ತಿಲ ಮೇಲೆ ಕೂತು ಬಾಟಲಿಯನ್ನು ಎರಡೂ ಅಂಗೈಗಳ ನಡುವೆ ಒತ್ತಿ, ಹೊಟ್ಟೆಗೆ ಅವಚಿಕೊಂಡರು. ವ್ಯಾನು ಮತ್ತೆ ಹಾರ್ನ್ ಹೊಡೆಯಿತು. ಆಕೆ ಆಗಾಗ ಬಾಟಲಿಯನ್ನು ಕೆನ್ನೆಗೆ ತಾಗಿಸಿ ನೋಡಿ, ಇನ್ನೂ ತಣ್ಣಗಿದೆ ಎಂದು ಮತ್ತೆ ಹೊಟ್ಟೆಗೆ ಅವಚಿಕೊಳ್ಳುತ್ತಿದ್ದರು.