ತೂಕ ಇಳಿಯಲಿ, ಬಲ ಉಳಿಯಲಿ

ಇಸ್ತ್ರಿಯಕ್ಕನಿಗೆ ತೂಕ ಇಳಿಸುವ ಆಪರೇಷನ್ ಆಗಿ ಮೂರು ತಿಂಗಳಾಗಿತ್ತು. ಆಸ್ಪತ್ರೆಯಿಂದ ಬಂದ ದಿನದಿಂದಲೂ ಅವರು ಕೂತಲ್ಲಿಗೇ ಎಲ್ಲವೂ ಬರುತ್ತಿತ್ತು. ನೀರು ಎಂದರೆ ಮಗಳು ಓಡುತ್ತಿದ್ದಳು. ಕಿಟಕಿ ತೆಗೆಯಲು ಎದ್ದರೆ ಗಂಡ ಅಡ್ಡ ಬರುತ್ತಿದ್ದರು.

“ನೀನು ಕೂತ್ಕೋ. ಅಷ್ಟು ದೊಡ್ಡ ಆಪರೇಷನ್ ಆದವಳು ಅಂತ ನೆನಪಿರಲಿ.”

ಗಂಡನನ್ನು ಬೀದಿಯವರೆಲ್ಲ ಮಾಸ್ಟರು ಎಂದೇ ಕರೆಯುತ್ತಿದ್ದರು. ಕೆಳಗೆ ಹೊಲಿಗೆ ಅಂಗಡಿ, ಮೇಲೆ ಮನೆ. ಅಂಗಡಿಯಲ್ಲಿ ಕತ್ತರಿ ಮಾಸ್ಟರದು, ಇಸ್ತ್ರಿ ಮೇಜು ಹೆಂಡತಿಯದು. ಇಪ್ಪತ್ತು ವರ್ಷ ಆ ಮೇಜಿನ ಮುಂದೆ ನಿಂತು ನಿಂತೇ ಅವರಿಗೆ ಇಸ್ತ್ರಿಯಕ್ಕ ಎಂಬ ಹೆಸರು ಬಿದ್ದಿತ್ತು. ಆಮೇಲೆ ತೂಕ ಏರಿತು, ಸಕ್ಕರೆ ಕಾಯಿಲೆ ಬಂತು, ಮಂಡಿ ನೋವು ಹೆಚ್ಚಿತು. ನಿಲ್ಲಲಾಗದೆ ಮೇಜು ಬಿಟ್ಟರು. ಡಾಕ್ಟರು ಆಪರೇಷನ್ ಆಗಬೇಕೆಂದಾಗ ಅವರು ಧೈರ್ಯ ಮಾಡಿ ಒಪ್ಪಿದ್ದು, ಮತ್ತೆ ಆ ಮೇಜಿನ ಮುಂದೆ ನಿಲ್ಲಬೇಕೆಂಬ ಆಸೆಯಿಂದ.

ತೂಕವೇನೋ ಸರಸರನೆ ಇಳಿಯಿತು. ಪ್ರತಿ ಭಾನುವಾರ ಮಾಸ್ಟರು ಟೇಪು ಹಿಡಿದು ಹೆಂಡತಿಯ ಸೊಂಟದ ಅಳತೆ ತೆಗೆದು, ಅವರ ಬಟ್ಟೆಗಳನ್ನು ಚಿಕ್ಕದು ಮಾಡಿ, ಕೇಳಿದವರಿಗೂ ಕೇಳದವರಿಗೂ ಸುದ್ದಿ ಹೇಳುತ್ತಿದ್ದರು. ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ ಅವರಿಗೆ.

ಒಂದು ಬೆಳಿಗ್ಗೆ ಇಸ್ತ್ರಿಯಕ್ಕ ಹೇಳದೆ ಕೇಳದೆ ಅಂಗಡಿಗೆ ಇಳಿದು ಬಂದರು. ಗಿರಾಕಿಯೊಬ್ಬರ ಅಂಗಿಯನ್ನು ಮೇಜಿನ ಮೇಲೆ ಹರಡಿ ಇಸ್ತ್ರಿಪೆಟ್ಟಿಗೆ ಎತ್ತಿದರು. ಎರಡನೇ ತೋಳಿಗೆ ಬರುವಷ್ಟರಲ್ಲಿ ಕೈ ನಡುಗಿತು, ಕಾಲು ಕುಸಿಯಿತು. ಪೆಟ್ಟಿಗೆ ಅಂಗಿಯ ಬೆನ್ನ ಮೇಲೆ ಕೂತುಬಿಟ್ಟಿತು. ಸುಟ್ಟ ವಾಸನೆ ಬಂದಾಗಲೇ ಮಾಸ್ಟರು ತಿರುಗಿ ನೋಡಿದ್ದು.

“ಮೊದಲು ಮಂಡಿ ನೋಯ್ತಿತ್ತು, ಆದ್ರೆ ಕೈಯಲ್ಲಿ ಶಕ್ತಿ ಇತ್ತು,” ಎಂದರು ಅಕ್ಕ, ಸ್ಟೂಲಿನ ಮೇಲೆ ಕುಸಿದು ಕೂತು. “ಈಗ ಅದೂ ಇಲ್ಲ. ಇದಕ್ಕಾ ನಾನು ಆಪರೇಷನ್ ಮಾಡಿಸ್ಕೊಂಡಿದ್ದು?”

ಮರುದಿನವೇ ಇಬ್ಬರೂ ಆಸ್ಪತ್ರೆಗೆ ಹೋದರು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ವ್ಯಾಯಾಮ ಕಲಿಸುವ ಫಿಸಿಯೋಥೆರಪಿ ಮೇಡಂ ಹತ್ತಿರ ಕಳಿಸಿದರು.

“ಆಪರೇಷನ್‌ಗೆ ಮುಂಚೇನೇ ಒಂದು ಹಾಳೆ ಕೊಟ್ಟಿದ್ದೆನಲ್ಲ ಮಾಸ್ಟ್ರೇ? ಮೊದಲು ಯಾವ ವ್ಯಾಯಾಮ, ಆಮೇಲೆ ಯಾವುದು ಅಂತ ಎಲ್ಲ ಬರೆದಿತ್ತು. ಎಲ್ಲಿ ಅದು?” ಮೇಡಂ ಕೇಳಿದರು.

ಮಾಸ್ಟರು ತಲೆ ಕೆರೆದುಕೊಂಡರು. “ಹಾಳೆ ದಪ್ಪಗೆ ಚೆನ್ನಾಗಿತ್ತು ಮೇಡಂ. ಕಾಲರಿನ ಅಳತೆ ಗುರುತು ಹಾಕೋಕೆ ಅಂತ ಕತ್ತರಿಸಿಬಿಟ್ಟೆ.”

ಮೇಡಂಗೆ ನಗು ತಡೆಯಲಾಗಲಿಲ್ಲ. ಇಸ್ತ್ರಿಯಕ್ಕ ಮಾತ್ರ ಗಂಡನನ್ನು ದುರುಗುಟ್ಟಿ ನೋಡಿದರು.

“ಅಲ್ಲ ಮೇಡಂ,” ಮಾಸ್ಟರು ಬಿಡಲಿಲ್ಲ. “ಇವಳು ತಿನ್ನೋದೇ ಒಂದು ಹಿಡಿ. ಅದರ ಮೇಲೆ ವ್ಯಾಯಾಮ ಬೇರೆ ಮಾಡಿದ್ರೆ ಇನ್ನೂ ಸುಸ್ತಾಗಲ್ವಾ? ತೂಕ ಹೇಗೂ ಇಳೀತಿದೆಯಲ್ಲ.”

“ಇಳೀತಿರೋದು ಬರೀ ಕೊಬ್ಬಲ್ಲ ಮಾಸ್ಟ್ರೇ. ಇಷ್ಟು ಬೇಗ ತೂಕ ಇಳಿದಾಗ ಮಾಂಸಖಂಡಾನೂ ಜೊತೆಗೆ ಕರಗುತ್ತೆ. ನಿಮ್ಮ ಟೇಪಿಗೆ ಸುತ್ತಳತೆ ಗೊತ್ತಾಗುತ್ತೆ, ಒಳಗೆ ಕರಗಿದ್ದು ಯಾವುದು ಅಂತ ಗೊತ್ತಾಗಲ್ಲ. ಮಾಂಸಖಂಡ ಉಳೀಬೇಕು ಅಂದ್ರೆ ಅದಕ್ಕೆ ಕೆಲಸ ಕೊಡ್ಬೇಕು. ನೀವು ಪ್ರೀತಿಯಿಂದಲೇ ಅಕ್ಕನ ಕೈಯಿಂದ ಎಲ್ಲ ಕೆಲಸ ಕಿತ್ಕೊಂಡ್ರಿ.”

ಆ ಮಾತು ಮಾಸ್ಟರಿಗೆ ನಾಟಿತು. “ಈಗ ತಡವಾಯ್ತಾ ಹಾಗಾದ್ರೆ?” ಎಂದು ಮೆಲ್ಲಗೆ ಕೇಳಿದರು.

“ಏನೂ ತಡ ಆಗಿಲ್ಲ. ಗಾಯ ಮಾಗಿದೆ, ಡಾಕ್ಟರ ಒಪ್ಪಿಗೇನೂ ಇದೆ. ಎಲ್ಲಿ ಅಕ್ಕ, ಕೈ ಊರದೆ ಕುರ್ಚಿಯಿಂದ ಎದ್ದು ತೋರಿಸಿ ನೋಡೋಣ.”

ಇಸ್ತ್ರಿಯಕ್ಕ ನಾಲ್ಕು ಸಲ ಎದ್ದರು. ಐದನೇ ಸಲ ಆಗಲಿಲ್ಲ.

ಅಲ್ಲಿಂದ ಹೊಲಿಗೆ ಅಂಗಡಿಯಲ್ಲಿ ಹೊಸ ಕಾರುಬಾರು ಶುರುವಾಯಿತು. ದಿನಾ ಬೆಳಿಗ್ಗೆ ನಡಿಗೆ. ಮೊದಲು ಬೀದಿಯ ತುದಿಯವರೆಗೆ, ಬರಬರುತ್ತಾ ಮಾರುಕಟ್ಟೆಯವರೆಗೆ. ವಾರಕ್ಕೆ ಮೂರು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಅಂಗೈ ಒತ್ತಿ ತಳ್ಳುವುದು, ಮೇಡಂ ಕೊಟ್ಟ ರಬ್ಬರ್ ಪಟ್ಟಿ ಎಳೆಯುವುದು. ಊಟದಲ್ಲಿ ಆಹಾರ ತಜ್ಞರು ಹೇಳಿದಷ್ಟು ಪ್ರೊಟೀನು. ಹೊಸ ಹಾಳೆಯನ್ನು ಮಗಳು ಅಪ್ಪನ ಕತ್ತರಿಗೆ ಎಟುಕದಷ್ಟು ಎತ್ತರದಲ್ಲಿ ಗೋಡೆಗೆ ಅಂಟಿಸಿದಳು.

ಲೆಕ್ಕ ಹಾಕುವ ಕೆಲಸ ಮಾಸ್ಟರದು. ಹೆಂಡತಿ ಏದುಸಿರು ಬಿಡುವುದನ್ನು ನೋಡಲಾಗದೆ ಎಂಟಾದ ಮೇಲೆ ಹತ್ತು ಎಂದುಬಿಡುತ್ತಿದ್ದರು.

“ಒಂಬತ್ತು ಎಲ್ಲಿ ಹೋಯ್ತು ರೀ? ಬಟ್ಟೆ ಅಳೆಯುವಾಗಲೂ ಹೀಗೇನಾ?”

ಎರಡನೇ ವಾರ ಮೈಕೈ ಎಲ್ಲ ಹಿಡಿದುಕೊಂಡಾಗ, ಇದು ತನ್ನಿಂದಾಗದು ಎಂದು ಅಕ್ಕ ಕಣ್ಣೀರು ಹಾಕಿದರು. ಮಾಸ್ಟರು ಪಕ್ಕದಲ್ಲಿ ಕೂತು ಹೇಳಿದರು, “ಆ ಮೇಜು ಖಾಲಿ ಇದೆ. ಎಷ್ಟು ದಿನ ಆದ್ರೂ ಆಗ್ಲಿ, ಅಲ್ಲಿ ಬೇರೆಯವರನ್ನ ನಿಲ್ಲಿಸಲ್ಲ ನಾನು.” ಅಕ್ಕ ಮೇಡಂಗೆ ಫೋನ್ ಮಾಡಿ ಕೇಳಿದರು. ಹೊಸದರಲ್ಲಿ ಸ್ವಲ್ಪ ನೋವು ಸಹಜ, ಒಂದು ದಿನ ಬಿಟ್ಟು ಮುಂದುವರಿಸಿ ಎಂದರು ಮೇಡಂ. ಅಕ್ಕ ಮುಂದುವರಿಸಿದರು.

ನಾಲ್ಕು ತಿಂಗಳು ಕಳೆಯಿತು. ಎದುರಿನ ಕಟ್ಟಡದ ಎರಡನೇ ಮಹಡಿಯಲ್ಲಿದ್ದ ಮದುವೆ ಬ್ಯಾಂಡಿನವರು ಇಪ್ಪತ್ತು ಕೋಟು ಹೊಲಿಸಿದರು. ದಪ್ಪ ಬಟ್ಟೆ, ಒಳಗೆ ಅಸ್ತರು, ಸಾಲುಸಾಲು ಗುಂಡಿ. ಎರಡು ದಿನ ಮೇಜಿನ ಮುಂದೆ ನಿಂತು ಇಪ್ಪತ್ತಕ್ಕೂ ಇಸ್ತ್ರಿ ಹಾಕಿದವರು ಇಸ್ತ್ರಿಯಕ್ಕ. ಒಂದರಲ್ಲೂ ಸುಕ್ಕಿರಲಿಲ್ಲ. ಆಮೇಲೆ ತಲುಪಿಸಲು ಉಳಿದಿದ್ದ ಕೊನೆಯ ಐದು ಕೋಟುಗಳನ್ನು ತೋಳಿನ ಮೇಲೆ ಹಾಕಿಕೊಂಡು ಬೀದಿ ದಾಟಿ ಮೆಟ್ಟಿಲು ಹತ್ತತೊಡಗಿದರು. ಹಿಂದೆ ಮಾಸ್ಟರು.

ಮೇಲೆ ನಿಂತಿದ್ದ ಬ್ಯಾಂಡಿನ ಯಜಮಾನರು ಕೇಳಿದರು, “ಏನ್ ಮಾಸ್ಟ್ರೇ, ಅಕ್ಕನ ಕೈಲಿ ಹೊರಿಸಿ ನೀವು ಕೈ ಬೀಸ್ಕೊಂಡು ಬರ್ತಿದ್ದೀರಲ್ಲ?”

ಮಾಸ್ಟರ ಎದೆ ಉಬ್ಬಿತು. “ನಾನು ಹೊರಿಸಲಿಲ್ಲ ಸಾರ್. ಕೊಡು ಅಂತ ಮೂರು ಸಲ ಕೇಳಿದೆ. ಕೊಡ್ಲಿಲ್ಲ ಅವಳು.”

ಬಂಧುಗಳೇ, ನಿಮ್ಮ ಮನೆಯಲ್ಲೂ ಯಾರಿಗಾದರೂ ಈ ಆಪರೇಷನ್ ಆಗುವುದಿದ್ದರೆ, ವ್ಯಾಯಾಮದ ಬಗ್ಗೆ ಮೊದಲೇ ಡಾಕ್ಟರನ್ನು ಕೇಳಿ. ಆಪರೇಷನ್‌ಗೆ ಮುಂಚೆ ಮಾಡುವುದೂ ಇದೆ, ಆಮೇಲೆ ಮಾಡುವುದೂ ಇದೆ. ಆಪರೇಷನ್ ಆದ ಮೇಲೆ ಅವರು ಹೇಳಿದ ದಿನದಿಂದಲೇ ನಡಿಗೆ ಶುರುವಾಗಲಿ. ಅವರ ಒಪ್ಪಿಗೆ ಸಿಗುವವರೆಗೆ ಭಾರ ಎತ್ತುವುದು ಬೇಡ. ತಲೆ ಸುತ್ತಿದರೆ, ಎದೆ ನೋವು ಬಂದರೆ ಅಲ್ಲೇ ನಿಲ್ಲಿಸಿ, ತಕ್ಷಣ ಆಸ್ಪತ್ರೆಗೆ ಹೋಗಿ. ನಿಮ್ಮವರನ್ನು ಕೂರಿಸಿ ಉಪಚಾರ ಮಾಡಿದ್ದು ಸಾಕು. ಕೈಹಿಡಿದು ಎಬ್ಬಿಸಿ, ಜೊತೆಗೆ ನೀವೂ ನಾಲ್ಕು ಹೆಜ್ಜೆ ಹಾಕಿ.